ಉಪ್ಪಾಗೆ ಮರ: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಹತ್ತಿರ ಬಂತು ಅಂದರೆ ಉಪ್ಪಾಗೆ ಬಗ್ಗೆ ವಿಚಾರಿಸುವವರು ಜಾಸ್ತಿಯಾಗುತ್ತಾರೆ. ಕೆಲವರಿಗೆ ಸಸಿ ಬೇಕು, ಕೆಲವರಿಗೆ ಒಣಸಿಪ್ಪೆ ಬೇಕು. ಇನ್ನು ಕೆಲವರು ತೂಕ ಇಳಿಸುವ ಮಾತ್ರೆಯ ಡಬ್ಬಿ ತೋರಿಸಿ "ಇದು ನಿಮ್ಮ ಕಡೆಯ ಮರದ್ದಂತೆ, ಹೌದಾ?" ಎನ್ನುತ್ತಾರೆ. ಮರ ಹೇಗಿರುತ್ತದೆ, ಹೇಗೆ ಬದುಕುತ್ತದೆ ಎಂದು ಕೇಳುವವರು ಬಹಳ ಕಡಿಮೆ. ಹಾಗಾಗಿ ಇಲ್ಲಿ ಮರದಿಂದಲೇ ಶುರು ಮಾಡಿದ್ದೇನೆ. ಸಿಪ್ಪೆ, ಬೀಜದಿಂದ ತೆಗೆಯುವ ತುಪ್ಪ, ಮಾತ್ರೆ ಎಲ್ಲ ಆಮೇಲೆ ಬರುತ್ತವೆ.

ಉಪ್ಪಾಗೆ ಅಂದರೆ ಯಾವ ಮರ?

ಪಶ್ಚಿಮ ಘಟ್ಟದ ಮಳೆಕಾಡಿನ ಮರ. ವರ್ಷವಿಡೀ ಹಸಿರಾಗಿರುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಗಾರ್ಸಿನಿಯ ಗಮ್ಮಿಗಟ್ಟ, ಕುಟುಂಬ ಕ್ಲೂಸಿಯೇಸಿ. ಮುರುಗಲು ಮತ್ತು ಮ್ಯಾಂಗೋಸ್ಟೀನ್ ಇದರ ಹತ್ತಿರದ ನೆಂಟರು. ಉತ್ತರ ಕನ್ನಡದಲ್ಲಿ ಉಪ್ಪಾಗೆ ಅಂತಲೇ ಕರೆಯುತ್ತಾರೆ. ಕೆಲವು ಕಡೆ ಮಂತುಹುಳಿ ಎಂಬ ಹೆಸರೂ ಇದೆ. ಕೇರಳದವರಿಗೆ ಇದು ಕೊಡಂಪುಳಿ, ಶ್ರೀಲಂಕಾದವರಿಗೆ ಗೊರಕ. ಕೊಡಗಿನ ಕಾಚಂಪುಳಿ ತಯಾರಾಗುವುದು ಇದರ ಹಣ್ಣಿನ ರಸದಿಂದಲೇ.

ಮಾತ್ರೆ ಡಬ್ಬಿಗಳ ಮೇಲೆ ಗಾರ್ಸಿನಿಯ ಕಂಬೋಜಿಯ ಅಂತ ಇರುತ್ತದೆ. ಅದು ಬೇರೆ ಮರವೇ?

ಅಲ್ಲ, ಇದೇ ಮರ. ಕಂಬೋಜಿಯ ಎಂಬುದು ಹಳೆಯ ಹೆಸರು. ಸಸ್ಯಶಾಸ್ತ್ರಜ್ಞರು ಬಿಟ್ಟರೂ ವ್ಯಾಪಾರದವರು ಅದನ್ನು ಬಿಟ್ಟಿಲ್ಲ.

ಎಲ್ಲೆಲ್ಲಿ ಬೆಳೆಯುತ್ತದೆ?

ಕೊಂಕಣದಿಂದ ಹಿಡಿದು ಕರ್ನಾಟಕ, ಕೇರಳ, ತಮಿಳುನಾಡಿನ ಘಟ್ಟದ ತನಕ, ಅಲ್ಲಿಂದಾಚೆ ಶ್ರೀಲಂಕಾದಲ್ಲಿ. ನಮ್ಮ ರಾಜ್ಯದಲ್ಲಿ ಶಿರಸಿ, ಸಿದ್ದಾಪುರ, ಹೊನ್ನಾವರದ ಘಟ್ಟದ ಕಾಡು, ಶರಾವತಿ ಮತ್ತು ಅಘನಾಶಿನಿ ಕಣಿವೆ, ಆಗುಂಬೆ, ಕುದುರೆಮುಖ, ಕೊಡಗು ಇದರ ಊರುಗಳು. ತಂಪು, ತೇವ, ಆಳವಾದ ಮಣ್ಣು ಸಿಕ್ಕರೆ ಚೆನ್ನಾಗಿ ಬರುತ್ತದೆ. ಹಳ್ಳದ ಬದಿ ಅಂದರೆ ಇನ್ನೂ ಇಷ್ಟ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ರಾಂಪತ್ರೆ ಜಡ್ಡಿಗಳಲ್ಲೂ, ಅಂದರೆ ಕಾಡಿನ ನಡುವಿನ ಜೌಗು ಜಾಗಗಳ ಆಸುಪಾಸಿನಲ್ಲೂ ಇದೆ. ಮನೆ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ, ಅಡಿಕೆ ತೋಟದ ಅಂಚಿನಲ್ಲಿ ತಾನಾಗಿ ಹುಟ್ಟಿದ ಮರಗಳೂ ಬೇಕಾದಷ್ಟಿವೆ.

ಕಾಡಿನಲ್ಲಿ ಗುರುತು ಹಿಡಿಯುವುದು ಹೇಗೆ?

ಹಣ್ಣಿದ್ದರೆ ಯಾರು ಬೇಕಾದರೂ ಹಿಡಿಯುತ್ತಾರೆ. ಹಣ್ಣಿಲ್ಲದಾಗ ಹಿಡಿಯುವುದೇ ಕಷ್ಟ. ಮೊದಲು ಕೊಂಬೆ ನೋಡಿ. ಕಾಂಡ ನೆಟ್ಟಗೆ ಮೇಲೆ ಹೋಗಿರುತ್ತದೆ. ಕೊಂಬೆಗಳು ಅದರಿಂದ ಅಡ್ಡಡ್ಡ ಹೊರಟು ತುದಿಯಲ್ಲಿ ಕೆಳಗೆ ಬಾಗಿರುತ್ತವೆ. ದಟ್ಟ ಕಾಡಿನಲ್ಲಿ ಮರ 20 ಮೀಟರ್‌ವರೆಗೂ ಎತ್ತರವಾಗುತ್ತದೆ. ಆದರೂ ಕಾಡಿನ ಅತಿ ಎತ್ತರದ ಮರಗಳ ಸಾಲಿಗೆ ಸೇರುವುದಿಲ್ಲ, ಅವುಗಳ ಕೆಳಗಿನ ಅಂತಸ್ತಿನಲ್ಲೇ ಇರುತ್ತದೆ.

ಆಮೇಲೆ ಎಲೆ ನೋಡಿ. ಎದುರುಬದುರಾಗಿ ಜೋಡಿ ಜೋಡಿಯಾಗಿ ಬರುತ್ತವೆ. ಉದ್ದ ಸುಮಾರು 5ರಿಂದ 12 ಸೆಂಟಿಮೀಟರ್. ದಪ್ಪ, ನುಣುಪು, ಮೇಲ್ಭಾಗ ಕಡುಹಸಿರು, ಹೊಳಪು. ತುದಿಯ ಕಡೆ ಅಗಲ, ತೊಟ್ಟಿನ ಕಡೆ ಕಿರಿದು. ಒಂದು ಎಲೆಯನ್ನು ತೊಟ್ಟಿನ ಹತ್ತಿರ ಮುರಿದರೆ ತಿಳಿ ಹಳದಿ ಅಂಟು ಜಿನುಗುತ್ತದೆ. ಎಳೆ ಕೊಂಬೆಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಕೊನೆಯ ಎರಡು ಎಲೆಗಳ ತೊಟ್ಟಿನ ಬುಡ ಒಳಗಡೆಗೆ ಸ್ವಲ್ಪ ಗುಳಿಬಿದ್ದು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಮುಂದಿನ ಮೊಗ್ಗು ಆ ಎರಡರ ನಡುವೆ ಬಚ್ಚಿಟ್ಟುಕೊಂಡಿರುತ್ತದೆ. ನಾಲ್ಕು ತಿಂಗಳು ಎಡೆಬಿಡದೆ ಮಳೆ ಹೊಡೆಯುವ ಜಾಗದಲ್ಲಿ ಎಳೆ ಮೊಗ್ಗಿಗೆ ಅಷ್ಟು ರಕ್ಷಣೆ ಬೇಕೇ ಬೇಕು, ಅಲ್ವಾ?

ಇಷ್ಟರಿಂದ ಗಾರ್ಸಿನಿಯ ಜಾತಿಯ ಮರ ಅನ್ನುವುದು ಖಾತ್ರಿಯಾಗುತ್ತದೆ. ಉಪ್ಪಾಗೆಯೇ ಹೌದಾ ಎಂದು ಪೂರ್ತಿ ಖಾತ್ರಿಯಾಗಲು ಹೂವೋ ಕಾಯೋ ಬೇಕು.

ಮುರುಗಲಿಗೂ ಉಪ್ಪಾಗೆಗೂ ವ್ಯತ್ಯಾಸ ಏನು?

ಮುರುಗಲು ಅಂದರೆ ಪುನರ್ಪುಳಿ, ಕೋಕಂ. ಅದರ ಹಣ್ಣು ದುಂಡಗೆ, ನುಣ್ಣಗೆ, ಕಡುಗೆಂಪು. ಬೇಸಿಗೆಯಲ್ಲೇ ಹಣ್ಣಾಗುವುದರಿಂದ ಸಿಪ್ಪೆಯನ್ನು ಬಿಸಿಲಿನಲ್ಲಿ ಒಣಗಿಸಬಹುದು. ಉಪ್ಪಾಗೆ ಹಣ್ಣು ಹಳದಿ, ಮೈತುಂಬ ಆಳವಾದ ಗೀರು. ಹಣ್ಣಾಗುವುದು ಸರೀ ಮಳೆಯಲ್ಲಿ. ಮಲೆನಾಡಿನಲ್ಲಿ ಇದೇ ಬಳಗದ ಜಾರಿಗೆ, ಅರಿಶಿನಗುರಗಿ ಮರಗಳೂ ಇವೆ. ಅವುಗಳ ಹಣ್ಣೂ ಹಳದಿಯೇ, ಆದರೆ ಉಪ್ಪಾಗೆಯಂಥ ಗೀರು ಇರುವುದಿಲ್ಲ. ಗೀರು ನೋಡಿದರೆ ಸಾಕು, ತಪ್ಪುವುದಿಲ್ಲ.

ನಮ್ಮ ಮರ ಪ್ರತಿ ವರ್ಷ ಹೂ ಬಿಡುತ್ತದೆ, ಒಂದು ಕಾಯಿಯೂ ಇಲ್ಲ. ಏನಾಗಿದೆ?

ಏನೂ ಆಗಿಲ್ಲ. ಹೆಚ್ಚಿನ ಮಟ್ಟಿಗೆ ಅದು ಗಂಡು ಮರ.

ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಅಲ್ಲೊಂದು ಇಲ್ಲೊಂದು ಮರದಲ್ಲಿ ಎರಡೂ ಅಂಗ ಇರುವ ಹೂ ಬರುವುದುಂಟು, ಆದರೆ ಅದು ಅಪರೂಪ. ಬೇಸಿಗೆ ಶುರುವಾಗುವ ಹೊತ್ತಿಗೆ, ಸುಮಾರು ಜನವರಿಯಿಂದ ಮಾರ್ಚ್‌ವರೆಗೆ, ಹೂವಿನ ಕಾಲ. ಹೂ ಚಿಕ್ಕದು. ನಾಲ್ಕು ಎಸಳು, ತಿಳಿ ಹಳದಿ, ಕೆಲವದರಲ್ಲಿ ನಸುಗೆಂಪು ಛಾಯೆ. ಗಂಡು ಹೂಗಳು ಎಲೆಯ ಕಂಕುಳಲ್ಲಿ ಗೊಂಚಲಾಗಿ ಬರುತ್ತವೆ, ನಡುವೆ ಕೇಸರಗಳ ಒಂದು ಮುದ್ದೆ ಕಾಣುತ್ತದೆ. ಹೆಣ್ಣು ಹೂ ಒಂಟಿಯಾಗಿ ಅಥವಾ ಎರಡು ಮೂರು ಸೇರಿ ಬರುತ್ತದೆ. ಅದರ ನಡುವೆ ಪುಟ್ಟ ಹಸಿರು ಕಾಯಿಯ ಆಕಾರ ಆಗಲೇ ಮೂಡಿರುತ್ತದೆ. ಸರಿಯಾಗಿ ನೋಡಿದರೆ ಮುಂದೆ ಬರುವ ಗೀರಿನ ಗುರುತೂ ಕಾಣುತ್ತದೆ. ಒಂದು ಕೊಂಬೆಯನ್ನು ಬಗ್ಗಿಸಿ ಹೂ ನೋಡಿ, ಅಲ್ಲಿಗೆ ನಿಮ್ಮ ಅನುಮಾನ ಮುಗಿಯುತ್ತದೆ.

ಗಂಡು ಮರವನ್ನು ಕಡಿದು ಹಾಕಬಹುದಾ?

ದಯವಿಟ್ಟು ಕಡಿಯಬೇಡಿ. ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಪರಾಗ ಬರಬೇಕಾದದ್ದು ಆ ಮರದಿಂದಲೇ. ಹೂವಿನಿಂದ ಹೂವಿಗೆ ಓಡಾಡುವ ಸಣ್ಣ ಕೀಟಗಳು ಅದನ್ನು ಹೆಣ್ಣು ಮರಕ್ಕೆ ಮುಟ್ಟಿಸುತ್ತವೆ. "ಕಾಯಿ ಬಿಡದ ಮರ" ಅಂತ ನೀವು ಉರುಳಿಸಿದರೆ ಪಕ್ಕದ ಬೆಟ್ಟದ ಮರದಲ್ಲೂ ಕಾಯಿ ಕಡಿಮೆಯಾಗಬಹುದು. ತೋಟದಲ್ಲಿ ಗಂಡು ಸಸಿಗಳೇ ಜಾಸ್ತಿಯಾಗಿದ್ದರೆ ಒಂದೆರಡು ಉಳಿಸಿಕೊಂಡು ಬೇರೆಯವಕ್ಕೆ ಹೆಣ್ಣು ಮರದ ಕುಡಿ ಕಸಿ ಮಾಡಿಸಬಹುದು.

ಹಣ್ಣಿನ ಒಳಗೆ ಏನೇನಿದೆ?

ಹೊರಗಿನಿಂದ ನೋಡಿದರೆ ಪುಟ್ಟ ಸಿಹಿಗುಂಬಳಕಾಯಿಯ ಹಾಗೆ. ಗೀರುಗಳು ಸಾಮಾನ್ಯವಾಗಿ 6ರಿಂದ 8, ಕೆಲವು ಮರಗಳಲ್ಲಿ 13ರವರೆಗೂ ಇರುತ್ತವೆ. ಕಾಯಿ ಹಸಿರು, ಬಲಿತ ಮೇಲೆ ಹಳದಿ, ಪೂರ್ತಿ ಹಣ್ಣಾದಾಗ ಕಿತ್ತಳೆಯ ಛಾಯೆ. ಜೂನ್‌ನಿಂದ ಆಗಸ್ಟ್‌ವರೆಗೆ, ಘಟ್ಟದ ಮೇಲೆ ಕೆಲವು ಕಡೆ ಸೆಪ್ಟೆಂಬರ್‌ವರೆಗೂ ಹಣ್ಣು ಬೀಳುತ್ತಿರುತ್ತದೆ.

ಹಣ್ಣನ್ನು ಎರಡು ಕೈಯಲ್ಲಿ ಹಿಡಿದು ತಿರುಚಿದರೆ ಗೀರಿನ ಗುಂಟ ಬಿರಿಯುತ್ತದೆ. ಸಿಪ್ಪೆ ದಪ್ಪ, ರಸ ತುಂಬಿರುತ್ತದೆ. ಒಡೆದ ಅಂಚಿನಿಂದ ಹಳದಿ ಅಂಟು ಒಸರಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕು. ನಡುವೆ ಆರೆಂಟು ಬೀಜಗಳು ಒತ್ತೊತ್ತಾಗಿ ಕೂತಿರುತ್ತವೆ. ಪ್ರತಿ ಬೀಜದ ಸುತ್ತ ಲೋಳೆಯಂಥ ಬಿಳಿ ತಿರುಳು. ಅದು ಸಿಹಿಹುಳಿ. ಮಲೆನಾಡಿನ ಮಕ್ಕಳು ಚೀಪುವುದು ಇದನ್ನೇ, ಮಂಗಗಳಿಗೆ ಬೇಕಾದದ್ದೂ ಇದೇ. ಸಿಪ್ಪೆಯನ್ನು ಕಚ್ಚಿ ನೋಡಿದವರು ಇನ್ನೊಮ್ಮೆ ಕಚ್ಚುವುದಿಲ್ಲ, ಹಲ್ಲು ಚುಳ್ ಎನ್ನುವಷ್ಟು ಹುಳಿ.

ಬೀಜ ಬಿತ್ತಿ ತಿಂಗಳುಗಳಾದರೂ ಮೊಳಕೆ ಬಂದಿಲ್ಲ. ಬೀಜ ಸತ್ತಿದೆಯೇ?

ಅವಸರ ಮಾಡಬೇಡಿ. ಉಪ್ಪಾಗೆ ಬೀಜ ಮೊಳೆಯಲು ಸಾಮಾನ್ಯವಾಗಿ 5ರಿಂದ 7 ತಿಂಗಳು ಬೇಕು. ಒಂದು ಮಳೆಗಾಲದಲ್ಲಿ ಬಿದ್ದ ಬೀಜ ಮುಂದಿನ ಮಳೆಗಾಲದ ಹೊತ್ತಿಗೆ ಸಸಿಯಾಗಿ ನಿಂತಿದ್ದರೆ ಸಾಕು ಅನ್ನುವ ಲೆಕ್ಕ ಇದು. ಬೇಗ ಬೇಕಿದ್ದರೆ ಬೀಜದ ಹೊರಸಿಪ್ಪೆಯನ್ನು ಜೋಪಾನವಾಗಿ ಬಿಡಿಸಿ ಬಿತ್ತಿ. ಒಳಗಿನ ಗಟ್ಟಿ ಭಾಗಕ್ಕೆ ಗಾಯವಾಗಬಾರದು. ಬೀಜ ತಾಜಾ ಇರಬೇಕು. ತಿರುಳು ತೊಳೆದು, ನೆರಳಿನಲ್ಲಿ ನೀರು ಆರಿಸಿ, ಕೂಡಲೇ ಬಿತ್ತಬೇಕು. ಬಿಸಿಲಿಗೆ ಹಾಕಿ ಒಣಗಿಸಿದ ಬೀಜ ತುಪ್ಪಕ್ಕೆ ಆದೀತು, ಬಿತ್ತನೆಗೆ ಆಗದು.

ಮೊಳೆಯುವ ರೀತಿಯೂ ಬೇರೆಯೇ. ಅವರೆ ಕಾಳನ್ನು ನೆನೆಸಿ ಸುಲಿದರೆ ಎರಡು ಬೇಳೆ ಸಿಗುತ್ತವೆ. ಉಪ್ಪಾಗೆ ಬೀಜದಲ್ಲಿ ಹಾಗೆ ಬೇಳೆ ಕಾಣುವುದಿಲ್ಲ, ಒಳಗೆಲ್ಲ ಒಂದೇ ಗಟ್ಟಿ ತುಂಡು. ಅದರ ಒಂದು ತುದಿಯಿಂದ ಬೇರು ಬರುತ್ತದೆ, ಇನ್ನೊಂದು ತುದಿಯಿಂದ ಚಿಗುರು ಏಳುತ್ತದೆ. ಸ್ವಲ್ಪ ದಿನಕ್ಕೆ ಚಿಗುರಿನ ಬುಡದಿಂದ ಹೊಸ ಬೇರೊಂದು ಇಳಿಯುತ್ತದೆ. ಮುಂದೆ ಗಿಡವನ್ನು ಸಾಕುವುದು ಆ ಎರಡನೆಯ ಬೇರು, ಮೊದಲನೆಯದು ಕ್ರಮೇಣ ಸೊರಗುತ್ತದೆ. ಗಾರ್ಸಿನಿಯ ಬಳಗಕ್ಕೇ ಸೇರಿದ ಗುಣ ಇದು. ಹಾಗಾಗಿ ಮೊಳಕೆ ಬಂದ ಬೀಜವನ್ನು ಬೇರು ನೋಡುವ ಆಸೆಗೆ ಸುಮ್ನೆ ಕಿತ್ತು ಕಿತ್ತು ನೋಡಬೇಡಿ.

ಕಾಡಿಗೆ ಈ ಮರದಿಂದ ಏನು ಉಪಯೋಗ?

ಮಳೆಗಾಲದಲ್ಲಿ ಹಣ್ಣು ಕೊಡುವ ಮರ ಅನ್ನುವುದೇ ಮುಖ್ಯ. ಸಿಂಗಳೀಕಗಳಿಗೆ ಇದು ಬೇಕಾದ ಆಹಾರ. ಘಟ್ಟದಲ್ಲಿ ಮಾತ್ರ ಬದುಕುವ, ಸಿಂಹದಂಥ ಕೇಸರದ ಈ ಮಂಗಗಳ ದೊಡ್ಡ ಗುಂಪುಗಳು ಶಿರಸಿ-ಹೊನ್ನಾವರದ ಕಾಡಿನಲ್ಲಿವೆ. ಅವುಗಳಿಗೆಂದೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಲಾಯಿತು. ಸಿಂಗಳೀಕ ಮರದಿಂದ ಇಳಿಯುವುದು ಕಡಿಮೆ. ಕೊಂಬೆಯ ಮೇಲೇ ಕೂತು ಹಣ್ಣು ಒಡೆದು ತಿನ್ನುತ್ತದೆ. ನಾವು ಸಿಪ್ಪೆಗಾಗಿ ಹುಡುಕುವ ಮರ, ಅದು ತಿರುಳಿಗಾಗಿ ಹುಡುಕುವ ಮರ ಎರಡೂ ಒಂದೇ. ಕುಯ್ಲಿನ ಮಾತು ಬಂದಾಗ ಇದನ್ನು ಮರೆಯಬಾರದು.

ಹಣ್ಣು ಯಾವಾಗ ಕೊಯ್ಯಬೇಕು?

ಹಳದಿ ಆದ ಮೇಲೆ. ಇನ್ನೂ ಒಳ್ಳೆಯದು ಅಂದರೆ ತಾನಾಗಿ ಬಿದ್ದದ್ದನ್ನು ಹೆಕ್ಕುವುದು.

ಇದನ್ನು ಸ್ವಲ್ಪ ಒತ್ತಿ ಹೇಳಲೇಬೇಕು. 1990ರ ದಶಕದಲ್ಲಿ ತೂಕ ಇಳಿಸುವ ಔಷಧಿಗೆಂದು ಹೊರದೇಶಗಳಿಂದ ಒಮ್ಮೆಲೇ ಬೇಡಿಕೆ ಬಂತು. ಅಲ್ಲಿಯವರೆಗೆ ಮನೆ ಬಳಕೆಗೆ ಮತ್ತು ಕೇರಳದ ಮಾರುಕಟ್ಟೆಗೆ ಹೋಗುತ್ತಿದ್ದ ಸಿಪ್ಪೆಗೆ ಕಾಣದಂಥ ಬೆಲೆ ಬಂತು. ಬಡ ಕುಟುಂಬಗಳಿಗೆ ಮಳೆಗಾಲದಲ್ಲಿ, ಬೇರೆ ಕೂಲಿ ಇಲ್ಲದ ಹೊತ್ತಿನಲ್ಲಿ, ನಾಲ್ಕು ಕಾಸು ಸಿಕ್ಕಿತು. ಅದು ನಿಜವಾಗಿ ಒಳ್ಳೆಯದೇ ಆಯಿತು. ಆದರೆ ಕಾಡಿನ ಮರ ಯಾರದೂ ಅಲ್ಲ, ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಅನ್ನುವ ಭಯ ಹುಟ್ಟಿತು. ಕಾಯಿ ಬಲಿಯುವ ಮೊದಲೇ ಕೊಯ್ಲು ಶುರುವಾಯಿತು. ಕೈಗೆಟುಕದ ಕೊಂಬೆಯನ್ನೇ ಕಡಿದು ಕೆಡವಿದರು.

ಎಳೆಗಾಯಿಯ ಸಿಪ್ಪೆ ತೆಳು, ಒಣಗಿದರೆ ತೂಕವೇ ಬರುವುದಿಲ್ಲ. ಬೀಜ ಬಲಿತಿರುವುದಿಲ್ಲ, ಆದ್ದರಿಂದ ತುಪ್ಪವೂ ಇಲ್ಲ, ಸಸಿಯೂ ಇಲ್ಲ. ಕಡಿದ ಕೊಂಬೆ ಮತ್ತೆ ಹೂ ಬಿಡುವಷ್ಟಾಗಲು ಎಷ್ಟೋ ವರ್ಷ ಬೇಕು. ಯಾವ ಲೆಕ್ಕದಲ್ಲಿ ನೋಡಿದರೂ ನಷ್ಟ. ಊರಿನವರು ಸೇರಿ "ಇಂಥ ದಿನದವರೆಗೆ ಯಾರೂ ಮುಟ್ಟುವುದು ಬೇಡ" ಎಂದು ಮಾತಾಡಿಕೊಂಡರೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣುವುದಿಲ್ಲ. ದೋಟಿಯಲ್ಲಿ ಹಣ್ಣು ಮಾತ್ರ ಇಳಿಸಿ. ಮೇಲಿನ ಕೊಂಬೆಯದನ್ನು ಸಿಂಗಳೀಕಕ್ಕೆ ಬಿಡಿ. ತುಪ್ಪಕ್ಕೆಂದು ಬೀಜ ಆರಿಸುವಾಗ ಒಂದಷ್ಟನ್ನು ಮರದ ಸುತ್ತಮುತ್ತ ಮಣ್ಣಿಗೆ ಸೇರಿಸಿ.

ಒಣಗಿಸುವುದು ಹೇಗೆ?

ಮಳೆಗಾಲದ ಹಣ್ಣಾದ್ದರಿಂದ ಬಿಸಿಲನ್ನು ನಂಬುವ ಹಾಗಿಲ್ಲ. ಬೀಜ ತೆಗೆದು, ಸಿಪ್ಪೆಯನ್ನು ಎಸಳೆಸಳಾಗಿ ಬಿಡಿಸಿ, ಒಲೆಯ ಮೇಲಿನ ತಟ್ಟಿಯಲ್ಲಿ ಹರಡಿ ಹೊಗೆ ಮತ್ತು ಶಾಖದಲ್ಲಿ ಒಣಗಿಸುತ್ತಾರೆ. ಹಳದಿ ಸಿಪ್ಪೆ ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಮುದುರಿ ಬಿಗಿಯಾದರೂ ಒಳಗೆ ಸ್ವಲ್ಪ ಮೆದು ಉಳಿಯಬೇಕು.

ಇದಕ್ಕೆ ಬೇಕಾಗುವ ಕಟ್ಟಿಗೆ ಬಹಳ. ತೆರೆದ ಒಲೆಯಲ್ಲಿ ಹಗಲು ರಾತ್ರಿ ಉರಿಸಿದರೆ ಉಪ್ಪಾಗೆಯ ಜೊತೆ ಕಾಡನ್ನೂ ಒಣಗಿಸಿದಂತೆ. ಉತ್ತರ ಕನ್ನಡದ ಹಳ್ಳಿಗಳಲ್ಲಿ ಈಗ ಮುಚ್ಚಿದ ಒಲೆ, ಹೊಗೆ ಹೊರಗೆ ಹೋಗಲು ಕೊಳವೆ, ಒಂದರ ಮೇಲೊಂದು ತಟ್ಟೆ ಇರುವ ಡ್ರೈಯರ್‌ಗಳು ಬಂದಿವೆ. ಕಟ್ಟಿಗೆ ಕಡಿಮೆ ಸಾಕು, ಹೆಂಗಸರ ಕಣ್ಣಿಗೆ ಹೊಗೆಯ ಕಾಟವೂ ಇಲ್ಲ. ನಾಲ್ಕೈದು ಮನೆಯವರು ಸೇರಿ ಒಂದು ಮಾಡಿಕೊಂಡರೆ ಸಾಕು.

ಅಡುಗೆಗೆ ಹೇಗೆ ಬಳಸುತ್ತಾರೆ?

ಹುಣಸೆಯ ಜಾಗದಲ್ಲಿ. ನಾಲ್ಕು ಜನರ ಸಾರಿಗೆ ಎರಡು ಮೂರು ಎಸಳು ಸಾಕು. ತೊಳೆದು, ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ನೀರು ಸಮೇತ ಹಾಕಿ. ಹುಳಿ ಸಾಕು ಅನ್ನಿಸಿದಾಗ ಎಸಳನ್ನು ತೆಗೆದುಬಿಡಬಹುದು. ಹುಣಸೆಯಲ್ಲಿ ಈ ಅನುಕೂಲ ಇಲ್ಲ. ಕೇರಳದ ಮೀನು ಸಾರು, ಶ್ರೀಲಂಕಾದ ಅಂಬುಲ್ ತಿಯಲ್ ಎಂಬ ಹುಳಿ ಮೀನು ಇವೆರಡಕ್ಕೂ ಜೀವ ಇದೇ.

ಕೊಡಗಿನವರ ವಿಧಾನ ಬೇರೆ. ಕಳಿತ ಹಣ್ಣುಗಳನ್ನು ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಟ್ಟು, ರಸ ತಾನಾಗಿ ತೊಟ್ಟಿಕ್ಕಲು ಬಿಡುತ್ತಾರೆ. ಆ ರಸವನ್ನು ಕುದಿಸಿ ಕುದಿಸಿ ಕಪ್ಪಗೆ, ಗಟ್ಟಿಯಾಗಿ ಇಳಿಸಿದರೆ ಕಾಚಂಪುಳಿ. ವರ್ಷಗಟ್ಟಲೆ ಕೆಡುವುದಿಲ್ಲ. ಪಂದಿ ಕರಿಯ, ಅಂದರೆ ಹಂದಿ ಮಾಂಸದ ಸಾರಿನ, ಕಡು ಬಣ್ಣ ಮತ್ತು ಹುಳಿ ಬರುವುದು ಅದರಿಂದ. ಕೊನೆಯಲ್ಲಿ ಒಂದೆರಡು ಚಮಚ ಸಾಕು, ಜಾಸ್ತಿಯಾದರೆ ಸರಿಮಾಡುವುದು ಕಷ್ಟ.

ಉಪ್ಪಾಗೆ ತುಪ್ಪ ಅಂದರೆ ಏನು?

ಬೀಜದ ಕೊಬ್ಬು. ಬೀಜದಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬೇ ಇರುತ್ತದೆ. ತೊಳೆದು ಒಣಗಿಸಿದ ಬೀಜವನ್ನು ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ಚೆನ್ನಾಗಿ ಕುದಿಸುತ್ತಾರೆ. ಕೊಬ್ಬು ಮೇಲೆ ತೇಲುತ್ತದೆ. ತಣ್ಣಗಾದ ಮೇಲೆ ಕೆನೆಗಟ್ಟಿದ್ದನ್ನು ತೆಗೆದು ಮತ್ತೆ ಕಾಯಿಸಿ ಸೋಸುತ್ತಾರೆ. ಮಲೆನಾಡಿನ ಮನೆಗಳಲ್ಲಿ ಇದನ್ನು ಅಡುಗೆಗೂ ಬಳಸುತ್ತಾರೆ, ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೂ ಹಚ್ಚುತ್ತಾರೆ. ಸಿಪ್ಪೆ ಮಾರಿ ಬೀಜ ಎಸೆಯುವವರು ಅರ್ಧ ಬೆಳೆಯನ್ನೇ ಎಸೆದಂತೆ.

ತೂಕ ಇಳಿಸುವ ಮಾತ್ರೆ ನಿಜವಾಗಿ ಕೆಲಸ ಮಾಡುತ್ತದೆಯೇ?

ನಂಬಿ ದುಡ್ಡು ಹಾಕುವಷ್ಟು ಆಧಾರ ಇಲ್ಲ. ವಿಷಯ ಹೀಗಿದೆ. ಸಿಪ್ಪೆಯ ಹುಳಿಗೆ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅದನ್ನು 1965ರಲ್ಲಿ ಸರಿಯಾಗಿ ಗುರುತಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಅಲ್ಲಿಯವರೆಗೆ ಇದನ್ನು ಬೇರೆ ಹುಳಿಗಳೆಂದು ತಿಳಿಯಲಾಗಿತ್ತು. ನಮ್ಮ ದೇಹ ಸಕ್ಕರೆಯ ಅಂಶವನ್ನು ಕೊಬ್ಬಾಗಿ ಬದಲಿಸುವಾಗ ಕೆಲಸ ಮಾಡುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಕೆಲವೇ ವರ್ಷಗಳಲ್ಲಿ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಮಾತ್ರೆಯ ವ್ಯಾಪಾರ ಹುಟ್ಟಿದ್ದು ಅಲ್ಲಿಂದ.

ಪ್ರಯೋಗಾಲಯದಲ್ಲಿ ಕಂಡದ್ದು ಮನುಷ್ಯರಲ್ಲೂ ಕಾಣಬೇಕಲ್ಲ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಎಲ್ಲರಿಗೂ ಊಟದ ಪಥ್ಯ ಒಂದೇ. ಅರ್ಧ ಜನರಿಗೆ ಇದರ ಮಾತ್ರೆ, ಉಳಿದವರಿಗೆ ಏನೂ ಇಲ್ಲದ ಸುಳ್ಳು ಮಾತ್ರೆ. ಉಪ್ಪಾಗೆ ಮಾತ್ರೆ ತಿಂದವರು ಸರಾಸರಿ 3.2 ಕಿಲೋ ಇಳಿದರು, ಸುಳ್ಳು ಮಾತ್ರೆ ತಿಂದವರು 4.1 ಕಿಲೋ. ಅಂದರೆ ಇಳಿಸಿದ್ದು ಊಟದ ಪಥ್ಯ, ಮಾತ್ರೆ ಅಲ್ಲ. ಇನ್ನೊಂದು ಕಡೆ, ಇಂಥ ಮಾತ್ರೆ ತಿಂದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2025ರಲ್ಲಿ ಈ ಪೂರಕಗಳನ್ನು ಸೇವಿಸಬೇಡಿ ಎಂದೇ ಸಲಹೆ ಕೊಟ್ಟಿತು. ಲಿವರ್ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಗೆ ಅಥವಾ ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು, ಬಸುರಿಯರು ಇದರ ತಂಟೆಗೇ ಹೋಗಬಾರದು.

ಹಾಗಾದರೆ ಸಾರಿಗೆ ಹಾಕುವುದೂ ಅಪಾಯವೇ?

ಮಾತ್ರೆಯಲ್ಲಿ ಇರುವುದು ಸಿಪ್ಪೆಯಿಂದ ತೆಗೆದ ಸಾರ, ಅದನ್ನು ದಿನಕ್ಕೆ ಎರಡು ಮೂರು ಸಲ ನುಂಗುತ್ತಾರೆ. ಸಾರಿನಲ್ಲಿ ಇರುವುದು ಎರಡು ಎಸಳಿನ ಹುಳಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕರಾವಳಿಯವರು, ಕೊಡಗಿನವರು, ಮಲೆಯಾಳಿಗಳು ತಲೆತಲಾಂತರದಿಂದ ಊಟದಲ್ಲಿ ಬಳಸಿದ್ದಾರೆ.

ಬೇರೆ ಉಪಯೋಗ ಇದೆಯೇ?

ಒಣಸಿಪ್ಪೆಯನ್ನು ಚಿನ್ನ ಬೆಳ್ಳಿಗೆ ಹೊಳಪು ಕೊಡಲು ಬಳಸುತ್ತಿದ್ದರು. ಕೇರಳದಲ್ಲಿ ರಬ್ಬರ್ ಹಾಲು ಹೆಪ್ಪುಗಟ್ಟಿಸಲೂ ಬಳಸಿದ್ದುಂಟು.

ತೋಟದಲ್ಲಿ ಬೆಳೆಸಬೇಕು. ಬೀಜದ ಗಿಡವೋ, ಕಸಿ ಗಿಡವೋ?

ಹಣ್ಣಿಗಾಗಿ ಆದರೆ ಕಸಿ. ಬೀಜದ ಗಿಡ ಫಸಲಿಗೆ ಬರಲು ಸುಮಾರು 10ರಿಂದ 12 ವರ್ಷ ಬೇಕು. ಅಷ್ಟು ಕಾದ ಮೇಲೂ ಹೆಚ್ಚುಕಮ್ಮಿ ಅರ್ಧದಷ್ಟು ಗಂಡೇ ಆಗುತ್ತವೆ. ಹೆಣ್ಣು ಮರದ ಕುಡಿ ತಂದು ಕಸಿ ಮಾಡಿದ ಗಿಡ ಮೂರನೇ ವರ್ಷದಿಂದಲೇ ಹೂ ತೋರಿಸಬಹುದು. ಕೇರಳ ಕೃಷಿ ವಿಶ್ವವಿದ್ಯಾಲಯ ಅಮೃತಂ, ಹರಿತಂ ಎಂಬ ಎರಡು ತಳಿಗಳನ್ನು ಬಿಡುಗಡೆ ಮಾಡಿದೆ. ಆದರೆ ನಿಮ್ಮ ಊರಿನಲ್ಲೇ ದಪ್ಪ ಸಿಪ್ಪೆಯ, ಪ್ರತಿ ವರ್ಷ ತಪ್ಪದೆ ಕಾಯಿ ಬಿಡುವ ಮರ ಇದ್ದರೆ ಅದರ ಕುಡಿಯನ್ನೇ ತರುವುದು ಮೇಲು. ಆ ಮಣ್ಣಿಗೆ, ಆ ಮಳೆಗೆ ಅದು ಒಗ್ಗಿದೆ. ಕಾಡು ತುಂಬಿಸಲು, ಬೆಟ್ಟದಲ್ಲಿ ನೆಡಲು ಮಾತ್ರ ಬೀಜದ ಗಿಡವೇ ಬೇಕು. ಅಲ್ಲಿ ಗಂಡೂ ಇರಬೇಕು, ಹೆಣ್ಣೂ ಇರಬೇಕು.

ಕಸಿ ಗಿಡ ಕೊಳ್ಳುವಾಗ ಏನು ನೋಡಬೇಕು?

ಕುಡಿ ಯಾವ ಕೊಂಬೆಯದು ಎಂದು ಕೇಳಿ. ನೆಟ್ಟಗೆ ಮೇಲೇಳುವ ಚಿಗುರಿನಿಂದ ಕಸಿ ಮಾಡಿದ್ದರೆ ಗಿಡ ನೆಟ್ಟಗೆ ಮರವಾಗುತ್ತದೆ. ಅಡ್ಡ ಕೊಂಬೆಯ ಕುಡಿಯಾದರೆ ಗಿಡ ಕುಳ್ಳಾಗಿ, ಪೊದೆಯಂತೆ ಅಗಲಕ್ಕೆ ಹರಡುತ್ತದೆ. ಅಡಿಕೆ ಸಾಲಿನ ನಡುವೆ ಹಾಕುವವರಿಗೆ ಇದು ತೊಡಕು. ಜಾಗ ಇದ್ದವರಿಗೆ ಅದೇ ಅನುಕೂಲ, ನಿಂತಲ್ಲೇ ಹಣ್ಣು ಕೊಯ್ಯಬಹುದು.

ಕಸಿ ಗಿಡಕ್ಕೆ 4 ಮೀಟರ್, ಬೀಜದ ಗಿಡಕ್ಕೆ 7 ಮೀಟರ್ ಅಂತರ ಕೊಡಿ. ಮಳೆ ಹಿಡಿದ ಮೇಲೆ ನೆಡಿ. ಮೊದಲ ಎರಡು ಮೂರು ಬೇಸಿಗೆ ನೆರಳು, ನೀರು, ಬುಡಕ್ಕೆ ದರಕು (ಒಣಗಿದ ಎಲೆ) ತಪ್ಪಬಾರದು. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಕೂಡಲೇ ಚಿವುಟಿ. ಬಿಟ್ಟರೆ ಅದೇ ಜೋರಾಗಿ ಮೇಲೆದ್ದು ಕಸಿಯನ್ನು ಕೊಲ್ಲುತ್ತದೆ. ಹತ್ತು ಹೆಣ್ಣು ಕಸಿ ತಂದವರು ಒಂದು ಗಂಡು ಗಿಡವನ್ನೂ ತೋಟದ ಮೂಲೆಗೆ ಹಾಕಿಕೊಳ್ಳಿ. ಸುತ್ತಮುತ್ತಲ ಕಾಡಿನಲ್ಲಿ ಗಂಡು ಮರ ಇದೆ ಎಂಬುದು ಖಾತ್ರಿ ಇದ್ದರೆ ಅದೂ ಬೇಕಿಲ್ಲ.